‘ಪ್ರಾಡಕ್ಟ್’ ವಿಮರ್ಶೆಗೆ ಮುಂಚೆ ಒಂದು ಗುಳ್ಳೆಯ ಸದ್ದು

ಎಲೆಕ್ಟ್ರಾನಿಕ್ ಪಾಪ್ ಸಂಗೀತ ಕಟ್ಟುತ್ತಿದ್ದ ಸೋಫಿ ಅವರ ‘ಪ್ರಾಡಕ್ಟ್’ ಎಂಬ ಸಂಕಲನ ಬಂದದ್ದು 2015ರ ನವೆಂಬರ್ 27ರಂದು, ಗ್ಲಾಸ್ಗೋದ ನಂಬರ್ಸ್ ಎಂಬ ಲೇಬಲ್‌ನಿಂದ. ಎಂಟೇ ಹಾಡು, ಎಲ್ಲಾ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ನಾನು ಅದರ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತದ್ದು ಬಹಳ ತಡವಾಗಿ, 2021ರ ಜನವರಿ 30ರಂದು ಸೋಫಿ ಅಥೆನ್ಸಿನಲ್ಲಿ ಎತ್ತರದಿಂದ ಬಿದ್ದು ತೀರಿಕೊಂಡ ಮೇಲೆ. ವಯಸ್ಸು 34. ಆ ವಾರ ಓದಿದ್ದೆಲ್ಲಾ ಹೊಗಳಿಕೆಯೇ. ಪಾಪ್ ಸಂಗೀತದ ದಿಕ್ಕನ್ನೇ ಬದಲಿಸಿದವರು, ಕಾಲಕ್ಕಿಂತ ಮುಂದಿದ್ದವರು, ಇತ್ಯಾದಿ. ಇದೇ ಹಾಡುಗಳು ಹೊಸದಾಗಿ ಬಂದಾಗ ಮಾತು ಹೀಗಿರಲಿಲ್ಲ. ಬೈದವರೂ ಇದ್ದರು, ಅನುಮಾನಪಟ್ಟವರು ಅದಕ್ಕಿಂತ ಹೆಚ್ಚಿದ್ದರು. ಹಾಗಾಗಿ ಸಂಕಲನದ ವಿಮರ್ಶೆ ಬರೆಯುವ ಮುಂಚೆ ಅದಕ್ಕೆ ಬಂದಿದ್ದ ವಿಮರ್ಶೆಗಳನ್ನೂ ಒಮ್ಮೆ ಪರೀಕ್ಷೆ ಮಾಡಿಬಿಡೋಣ ಅನ್ನಿಸಿತು.

ನಾನು ಹೊಟ್ಟೆಪಾಡಿಗೆ ಕೀಬೋರ್ಡ್ ನುಡಿಸುವವನು. ಗಣೇಶೋತ್ಸವ, ರಾಜ್ಯೋತ್ಸವ, ಆರತಕ್ಷತೆ, ಎಲ್ಲಿ ಆರ್ಕೆಸ್ಟ್ರಾ ಕರೆದರೂ ಹೋಗುತ್ತೇನೆ. ಬರವಣಿಗೆ ಬಿಡುವಿನ ಕೆಲಸ. ನಮ್ಮ ಲೋಕದಲ್ಲಿ ಸದ್ದು ಅಂದರೆ ಮೊದಲೇ ಯಾರೋ ಬಾರಿಸಿಟ್ಟದ್ದು. ತಮಟೆ ಬೇಕೇ, ಡೋಲು ಬೇಕೇ, ರೆಕಾರ್ಡ್ ಮಾಡಿದ ತುಣುಕನ್ನು ಪ್ಯಾಡಿಗೆ ತುಂಬಿಕೊಂಡು ಕೋಲಿನಿಂದ ತಟ್ಟಿದರಾಯಿತು. ಸೋಫಿ ಇದಕ್ಕೆ ಪೂರ್ತಿ ಉಲ್ಟಾ. ರೆಕಾರ್ಡ್ ಮಾಡಿದ ತುಣುಕುಗಳನ್ನು ಆದಷ್ಟೂ ದೂರವಿಟ್ಟು, ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಮೋನೋಮೆಷಿನ್ ಎಂಬ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಪುಟ್ಟ ಸಿಂಥಸೈಸರ್‌ನಲ್ಲಿ ಬರೀ ಅಲೆಗಳಿಂದ ರಬ್ಬರು, ಲೋಹ, ಪ್ಲಾಸ್ಟಿಕ್ಕು, ಸೋಡಾ ಗುಳ್ಳೆ ಎಲ್ಲವನ್ನೂ ಕಟ್ಟಿದವರು. ಸಂಕಲನದ ‘ಲೆಮೊನೇಡ್’ ಹಾಡು ಕೇಳಿದರೆ ಯಾರೋ ಬಾಟಲಿ ಮುಂದೆ ಮೈಕ್ ಹಿಡಿದಿದ್ದಾರೆ ಅನ್ನಿಸುತ್ತದೆ. ಅಲ್ಲಿ ಬಾಟಲಿಯೇ ಇಲ್ಲ.

ನಾನು ಮೊದಲು ಮಾಡಿದ್ದು ವಿಮರ್ಶೆ ಓದುವುದನ್ನಲ್ಲ. ಲ್ಯಾಪ್‌ಟಾಪಿನಲ್ಲಿ ವೈಟಲ್ ಎಂಬ ಪುಕ್ಕಟೆ ಸಿಂಥ್ ತೆರೆದು ಆ ಗುಳ್ಳೆ ಮಾಡಲು ಕೂತೆ. ಒಂದು ಶುದ್ಧ ಸೈನ್ ಅಲೆ, ಅಂದರೆ ಒಂದೇ ಸ್ವರದ ನುಣುಪು ಅಲೆ. ಅದರ ಸ್ಥಾಯಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನಿಂದ ಮೇಲಕ್ಕೆ ಎಳೆದು, ಅಷ್ಟೇ ಬೇಗ ಸದ್ದನ್ನು ಅಡಗಿಸಿದರೆ ‘ಬುಳುಕ್’ ಅನ್ನುತ್ತದೆ. ಅದೇ ಅಲೆಯನ್ನು ಮೇಲಿನಿಂದ ಕೆಳಕ್ಕೆ ಬೀಳಿಸಿದರೆ ಡಾನ್ಸ್ ಹಾಡುಗಳ ಕಿಕ್ ಡ್ರಮ್ಮಿನ ‘ಢುಂ’. ಗುಂಡಿ ಒಂದೇ, ತಿರುಗಿಸುವ ದಿಕ್ಕು ಬೇರೆ. ಲೋಹದ್ದು ಸ್ವಲ್ಪ ಕಷ್ಟ. ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ, ಒಂದಕ್ಕೊಂದು ಶ್ರುತಿ ಕೂಡದ ಸ್ವರಗಳನ್ನು ಹುಟ್ಟಿಸಿದರೆ ಮಾತ್ರ ‘ಠಣ್’ ಬರುತ್ತದೆ. ನನ್ನ ಗುಳ್ಳೆ ಸುಮಾರಾಗಿ ಬಂತು, ಲೋಹ ಕೊನೆಗೂ ಡಬ್ಬದಂತೆಯೇ ಉಳಿಯಿತು. ಅದು ಮುಖ್ಯವಲ್ಲ. ಕೈಯಾರೆ ಮಾಡಿ ನೋಡಿದ ಮೇಲೆ, ಆ ಹಾಡುಗಳಲ್ಲಿ ತಾಳವಾದ್ಯವೂ ರಾಗವೂ ಬೇರೆ ಬೇರೆಯಾಗಿ ಹುಟ್ಟಿಲ್ಲ, ಒಂದೇ ಮೂಸೆಯಿಂದ ಬಂದಿವೆ ಎನ್ನುವುದು ಕಿವಿಗೆ ಗೊತ್ತಾಯಿತು. ಆಮೇಲೆ ಓದಿದ ಪ್ರತಿ ವಿಮರ್ಶೆಯನ್ನೂ ಇದರಿಂದಲೇ ಅಳೆದೆ: ಬರೆದವರಿಗೆ ಇದು ಕೇಳಿಸಿದೆಯೋ ಇಲ್ಲವೋ?

ನಮ್ಮ ತಂಡದ ಪ್ಯಾಡ್ ಹುಡುಗನಿಗೆ ಸಂಕಲನದ ಮೊದಲ ಹಾಡು ‘ಬಿಪ್’ ಕೇಳಲು ಕೊಟ್ಟೆ. ಹೆಡ್‌ಫೋನ್ ತೆಗೆಯುವ ಮುಂಚೆಯೇ, “ಅಣ್ಣಾ, ಇದ್ರಲ್ಲಿ ಕಿಕ್ಕೇ ಬರ್ತಿಲ್ವಲ್ಲಣ್ಣಾ, ಆದ್ರೂ ಕಾಲು ಅಲ್ಲಾಡ್ತಿದೆ” ಅಂದ. ನಾಲ್ಕೂ ಪೆಟ್ಟಿಗೆ ಬೀಳಬೇಕಾದ ಕಿಕ್ಕನ್ನು ಕೊಡದೇ, ಅದು ಇರಬೇಕಾದ ಜಾಗದ ಸುತ್ತ ಪುಟಿಯುವ ಬೇಸನ್ನೂ ಹಿಸುಕಿದ ದನಿಯನ್ನೂ ಇಟ್ಟಿರುವುದೇ ಆ ಹಾಡಿನ ಗುಟ್ಟು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದ ಕೆಲವರು ಇದರ ಹತ್ತಿರವೂ ಸುಳಿದಿಲ್ಲ.

ಆಮೇಲೆ ವಿಮರ್ಶೆಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡೆ. ಸಂಕಲನಗಳ ವಿಷಯದಲ್ಲಿ ಇದು ತುಂಬಾ ಮುಖ್ಯ, ಯಾಕೆಂದರೆ ಹಾಡುಗಳಿಗೆ ಒಮ್ಮೆ ಬಿಡಿಯಾಗಿ ತೀರ್ಪು ಸಿಕ್ಕಿರುತ್ತದೆ, ಒಟ್ಟಾಗಿ ಬಂದಾಗ ಮತ್ತೊಮ್ಮೆ ಸಿಗುತ್ತದೆ. ‘ಬಿಪ್’, ‘ಎಲ್’ ಎರಡೂ 2013ರವು. ‘ಲೆಮೊನೇಡ್’, ‘ಹಾರ್ಡ್’ 2014ರವು. ಸಂಕಲನದಲ್ಲಿ ಮೊದಲ ನಾಲ್ಕು ಇವೇ, ಬಂದ ಕ್ರಮದಲ್ಲೇ. ಆಮೇಲಿನ ನಾಲ್ಕು ಹೊಸವು: ‘ಎಂಎಸ್‌ಎಂಎಸ್‌ಎಂಎಸ್‌ಎಂ’, ‘ವೈಝೀ’, ‘ಎಲ್.ಒ.ವಿ.ಇ.’ ಮತ್ತು ‘ಜಸ್ಟ್ ಲೈಕ್ ವಿ ನೆವರ್ ಸೆಡ್ ಗುಡ್‌ಬೈ’. ‘ಬಿಪ್’ ಬಂದ ವರ್ಷವೇ ಆ ವರ್ಷದ ಉತ್ತಮ ಹಾಡುಗಳ ಪಟ್ಟಿಗಳಲ್ಲಿ ಜಾಗ ಹಿಡಿದಿತ್ತು. ಹೀಗಿರುವಾಗ 2015ರಲ್ಲಿ ಬರೆದವರು ಅರ್ಧ ಸಂಕಲನವನ್ನು ಪಾಸಾದ ವಿದ್ಯಾರ್ಥಿಯಂತೆ ಪಕ್ಕಕ್ಕೆ ಕೂರಿಸಿ, ಉಳಿದರ್ಧವನ್ನು ಮಾತ್ರ ಪರೀಕ್ಷೆಗೆ ಕರೆದರು. ‘ಹೊಸವು ಹಳೆಯವುಗಳಷ್ಟು ಚೆನ್ನಾಗಿಲ್ಲ’, ‘ಇದು ಆಲ್ಬಮ್ ಅಲ್ಲ, ಸಿಂಗಲ್‌ಗಳ ಕಂತೆ’ ಎನ್ನುವ ದೂರು ಹುಟ್ಟಿದ್ದು ಇಲ್ಲಿಂದ. ಹಳೆಯ ಹಾಡುಗಳಿಗೆ ಕಿವಿ ಒಗ್ಗಿಕೊಳ್ಳಲು ಎರಡು ವರ್ಷ ಸಿಕ್ಕಿತ್ತು, ಹೊಸವಕ್ಕೆ ಕೆಲವೇ ವಾರ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ.

ಸರಾಸರಿ ಅಂಕಗಳನ್ನು ನಾನು ಬದಿಗಿಟ್ಟೆ. ಒಬ್ಬರು 90, ಇನ್ನೊಬ್ಬರು 40 ಕೊಟ್ಟರೆ ಸರಾಸರಿ 65 ಬರುತ್ತದೆ. ಆ 65 ಯಾರ ಅಭಿಪ್ರಾಯವೂ ಅಲ್ಲ. ಜನ ಎರಡು ಬಣವಾಗಿ ಒಡೆಯುವ ಇಂಥ ಸಂಗೀತಕ್ಕಂತೂ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಬಣ್ಣದ ಪೆನ್ನು ಹಿಡಿದು ವಿಮರ್ಶೆಗಳಿಗೆ ಗೆರೆ ಎಳೆಯುತ್ತಾ ಹೋದೆ. ಹಸಿರು, ಕಿವಿಗೆ ಬಿದ್ದದ್ದನ್ನು ಹೇಳುವ ವಾಕ್ಯಕ್ಕೆ. ಕೆಂಪು, ಮಾಡಿದವರ ಉದ್ದೇಶವನ್ನು ಊಹಿಸುವ ವಾಕ್ಯಕ್ಕೆ. ಪುಟಗಳು ಬಹುಪಾಲು ಕೆಂಪಾದವು. ಇದಕ್ಕೆ ಸೋಫಿಯವರ ಕೊಡುಗೆಯೂ ಇತ್ತೆನ್ನಿ. ಆ ದಿನಗಳಲ್ಲಿ ಅವರು ಮುಖ ತೋರಿಸುತ್ತಿರಲಿಲ್ಲ, ಸಂದರ್ಶನ ಕೊಟ್ಟರೂ ಸರಿಯಾಗಿ ಸಿಕ್ಕುತ್ತಿರಲಿಲ್ಲ. ಸಂಕಲನದ ಹೆಸರೇ ‘ಸರಕು’ ಎಂದು. ಅದನ್ನು ಮಾರಿದ್ದೂ ಹಾಗೆಯೇ: ಡಿಸ್ಕ್ ಜೊತೆಗೆ ಉಬ್ಬಿದ ಜಾಕೆಟ್, ಕಪ್ಪು ಕನ್ನಡಕ, ಎತ್ತರದ ಅಟ್ಟೆಯ ಬೂಟು, ಮತ್ತೆ ಏನೆಂದು ಬಾಯಿಬಿಟ್ಟು ಹೇಳದ ಒಂದು ಸಿಲಿಕಾನ್ ವಸ್ತು. ವಿಮರ್ಶಕರು ಆ ವಸ್ತುವಿನ ಬಗ್ಗೆ ಬರೆದಷ್ಟು ‘ಎಲ್’ ಹಾಡಿನ ಬಗ್ಗೆ ಬರೆಯಲಿಲ್ಲ! ಇದು ಬಂಡವಾಳಶಾಹಿಯ ಅಣಕವೋ ಅಥವಾ ಬಂಡವಾಳಶಾಹಿಯೇ ವೇಷ ಹಾಕಿದ್ದೋ ಎಂಬ ಚರ್ಚೆ ಜೋರಾಗಿತ್ತು. ಅದೇ ವರ್ಷ ‘ಲೆಮೊನೇಡ್’ ಮೆಕ್‌ಡೊನಾಲ್ಡ್ಸ್ ಜಾಹೀರಾತಿಗೂ ಹೋಗಿದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು.

ಇನ್ನೊಂದು ಕಾರಣ ಪಿಸಿ ಮ್ಯೂಸಿಕ್. ಎ. ಜಿ. ಕುಕ್ 2013ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ ಈ ಲೇಬಲ್ ‘ಪಿಸಿ ಮ್ಯೂಸಿಕ್ ವಾಲ್ಯೂಮ್ 1’ ಎಂಬ ಸಂಕಲನವನ್ನು 2015ರ ಮೇನಲ್ಲಿ, ಅಂದರೆ ‘ಪ್ರಾಡಕ್ಟ್’ಗಿಂತ ಆರೇಳು ತಿಂಗಳು ಮುಂಚೆ ಹೊರತಂದಿತ್ತು. ಗಾಯಕಿ ಹ್ಯಾನಾ ಡೈಮಂಡ್ ಅವರ ಹಾಡುಗಳು ಅದರಲ್ಲಿವೆ. ನುಣುಪು ಫೋಟೊ, ಜಾಹೀರಾತಿನ ಹೊಳಪು, ಎಳೆಯ ದನಿ, ಇವೆಲ್ಲಾ ಅಲ್ಲಿ ಹಾಡಿನಷ್ಟೇ ಮುಖ್ಯ. ಆದ್ದರಿಂದ ‘ಇದು ತಮಾಷೆಯೋ, ನಿಜವೋ’ ಎಂದು ಆ ಸಂಕಲನದ ಬಗ್ಗೆ ಪ್ರಶ್ನಿಸುವುದರಲ್ಲಿ ಅರ್ಥವಿದೆ. ಸೋಫಿ ಆ ಗುಂಪಿನ ಗೆಳೆಯರು, ಜೊತೆಗೆ ಕೆಲಸ ಮಾಡಿದವರು ಹೌದು. ಆದರೆ ‘ಪ್ರಾಡಕ್ಟ್’ ಆ ಲೇಬಲ್‌ನದಲ್ಲ. ವಿಮರ್ಶಕರು ಮೇ ತಿಂಗಳಿನ ಪ್ರಶ್ನೆಪತ್ರಿಕೆಯನ್ನೇ ನವೆಂಬರ್‌ನಲ್ಲೂ ಹಂಚಿದರು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಪಿಸಿ ಮ್ಯೂಸಿಕ್‌ನವರು ಇರುವ ಪಾಪ್ ಹಾಡನ್ನು ಇನ್ನಷ್ಟು ಸಿಹಿ ಮಾಡಿ ಉಕ್ಕಿಸುತ್ತಾರೆ. ಸೋಫಿ ಸಿಹಿಯ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿಡುತ್ತಾರೆ. ‘ಎಲ್’ನಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವಿನ ಮೌನ ಎದೆ ಝಲ್ಲೆನಿಸುತ್ತದೆ.

ಕೆಂಪು ಗೆರೆಗಳಲ್ಲಿ ಅತಿ ದಪ್ಪನೆಯವು ಬಿದ್ದದ್ದು ‘ಈತ ಯಾರು’ ಎನ್ನುವ ವಾಕ್ಯಗಳಿಗೆ. ಹೆಣ್ಣಿನ ಹೆಸರು, ಹೆಣ್ಣಿನ ಏರಿಸಿದ ದನಿ, ಹಿಂದೆ ಕೂತಿರುವವನು ಗಂಡಸು. ಇದು ಹೆಣ್ತನವನ್ನು ಕದಿಯುವ ಕೆಲಸ ಎಂಬ ಆರೋಪ. 2017ರ ಅಕ್ಟೋಬರ್‌ನಲ್ಲಿ ‘ಇಟ್ಸ್ ಓಕೆ ಟು ಕ್ರೈ’ ವಿಡಿಯೊ ಬಂತು. ಅದರಲ್ಲಿ ಸೋಫಿ ಮೊದಲ ಬಾರಿಗೆ ತಮ್ಮದೇ ಮುಖ, ತಮ್ಮದೇ ದನಿಯೊಂದಿಗೆ ಎದುರಿಗೆ ಬಂದರು. ಅವರು ಟ್ರಾನ್ಸ್ ಮಹಿಳೆ ಎಂಬುದು ಜಗತ್ತಿಗೆ ತಿಳಿಯಿತು. ಹಳೆಯ ಆ ವಾಕ್ಯಗಳನ್ನು ಈಗ ಓದಲು ಮುಜುಗರವಾಗುತ್ತದೆ. ಆದರೂ ನಾನು ಅವನ್ನು ಬರೆದವರನ್ನು ಸುಮ್ಮನೆ ಬೈಯಲು ಹೋಗಲಿಲ್ಲ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ಹಾಡಿದ ಹೆಂಗಸಿನ ಹೆಸರು ಎಲ್ಲೂ ಇಲ್ಲದೆ, ಗುಂಡಿ ತಿರುಗಿಸಿದ ಗಂಡಸು ಕೀರ್ತಿ ಹೊತ್ತುಕೊಂಡು ಹೋದ ಉದಾಹರಣೆಗಳು ಬೇಕಾದಷ್ಟಿವೆ. ಕೇಳಬೇಕಾದ ಪ್ರಶ್ನೆಯೇ ಅದು. ಗೊತ್ತಿಲ್ಲದ ಮನುಷ್ಯರ ಬಗ್ಗೆ ಉತ್ತರವನ್ನೂ ತಾವೇ ಬರೆದುಕೊಂಡದ್ದು ಅತಿಯಾಯಿತು. ಅದೇ ವಿಮರ್ಶಕರ ಹಸಿರು ವಾಕ್ಯಗಳು, ಬೇಸಿನ ಪುಟಿತದ ಬಗ್ಗೆ, ದನಿಯ ಲೋಹದ ಅಂಚಿನ ಬಗ್ಗೆ ಬರೆದವು, 2017ರ ನಂತರವೂ ಒಂದಕ್ಷರ ತಿದ್ದದೆ ನಿಲ್ಲುತ್ತವೆ. ನನ್ನ ವಿಮರ್ಶೆಯಲ್ಲಿ ಉದ್ದೇಶದ ಊಹೆ ಒಂದೂ ಇರಬಾರದು ಎಂದು ನಿರ್ಧರಿಸಿದ್ದು ಇದನ್ನು ನೋಡಿಯೇ.

ತೀರ್ಪು ತಿರುಗಿದ ಇನ್ನೊಂದು ಪ್ರಕರಣ ನಾನು ಬರೆಯಲು ಕೂತ 2021ರಲ್ಲೇ ಕಣ್ಣಮುಂದೆ ನಡೆಯಿತು. ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ‘ವ್ರೂಮ್ ವ್ರೂಮ್’ ಎಂಬ ಕಿರು ಆಲ್ಬಮ್ 2016ರದು. ಅದರ ಸಂಗೀತದಲ್ಲಿ ಸೋಫಿಯವರದೇ ದೊಡ್ಡ ಕೈ. ಆಗ ಪಿಚ್‌ಫೋರ್ಕ್ ಪತ್ರಿಕೆ ಅದಕ್ಕೆ ಹತ್ತಕ್ಕೆ 4.5 ಅಂಕ ಕೊಟ್ಟಿತ್ತು. 2021ರಲ್ಲಿ ತನ್ನ ಹಳೆಯ ಕೆಲವು ಅಂಕಗಳನ್ನು ತಾನೇ ತಿದ್ದಿಕೊಂಡಾಗ ಅದನ್ನು 7.8ಕ್ಕೆ ಏರಿಸಿತು. ನಡುವೆ ಏನಾಗಿತ್ತು? ಸ್ಪಾಟಿಫೈ 2019ರಲ್ಲಿ ‘ಹೈಪರ್‌ಪಾಪ್’ ಎಂಬ ಪ್ಲೇಲಿಸ್ಟ್ ಮಾಡಿತ್ತು, ಆ ಸದ್ದಿಗೆ ಒಂದು ಹೆಸರು, ಒಂದು ಮನೆ ಸಿಕ್ಕಿತ್ತು. ಹಾಡುಗಳು ಅವೇ. ನನಗಂತೂ ಹೊಸ ಅಂಕಕ್ಕಿಂತ ಹಳೆಯ ವಿಮರ್ಶೆಯೇ ಹೆಚ್ಚು ಉಪಯೋಗಕ್ಕೆ ಬಂತು. ಹಿಡಿಸದವರು ಏಕೆ ಹಿಡಿಸಲಿಲ್ಲ ಎಂದು ವಿವರವಾಗಿ ಬರೆದದ್ದರಿಂದ ಆ ಸದ್ದು 2016ರ ಕಿವಿಗೆ ಎಷ್ಟು ಒರಟಾಗಿತ್ತು ಎಂಬುದು ತಿಳಿಯುತ್ತದೆ. ತಿದ್ದಿದ ಅಂಕದಿಂದ ಅದು ತಿಳಿಯುವುದಿಲ್ಲ.

ಬರೆಯಲು ಕೂತಾಗ ಕ್ರಮವನ್ನು ತಿರುಗಿಸಿದೆ: ಹೊಸ ನಾಲ್ಕು ಹಾಡು ಮೊದಲು, ಹಳೆಯವು ಕೊನೆಗೆ. ‘ವೈಝೀ’ ಬಗ್ಗೆ ಎರಡು ಸಾಲು ಸಾಕಾಯಿತು, ಅದು ಖುಷಿಯ ಹಾಡು, ಅಷ್ಟೇ. ‘ಎಲ್.ಒ.ವಿ.ಇ.’ ಕುರಿತು ಜಾಸ್ತಿ ಬರೆದೆ. ಹಲ್ಲಿನ ಡಾಕ್ಟರರ ಯಂತ್ರದಂತೆ ಕೊರೆಯುವ ಆ ಸದ್ದನ್ನು ಬಹಳ ಜನ ಬೈದಿದ್ದಾರೆ, ನನಗೂ ಅದು ಹಿಡಿಸಲಿಲ್ಲ ಎಂದೇ ಬರೆದೆ. ಆದರೆ ಕೊರೆತ ನಿಂತ ತಕ್ಷಣ ಬರುವ ಮೆತ್ತನೆಯ ತುಣುಕುಗಳು ಅಷ್ಟು ಹಿತವಾಗಿ ಕೇಳುವುದು ಆ ಕೊರೆತದಿಂದಲೇ ಎಂಬುದನ್ನೂ ಬಿಡಲಿಲ್ಲ. ಹೆಚ್ಚು ಜಾಗ ತಿಂದದ್ದು ಕೊನೆಯ ಹಾಡು. ಅದರಲ್ಲಿ ಡ್ರಮ್ ಇಲ್ಲ. ಸಿಂಥ್ ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗುತ್ತವೆ, ಈಗ ಬೀಟ್ ಬಿತ್ತು, ಇನ್ನೇನು ಬಿತ್ತು ಎಂದು ಕಾಯುತ್ತೇವೆ, ಹಾಡು ಮುಗಿದುಹೋಗುತ್ತದೆ. ಸ್ಟೇಜಿನ ಮೇಲೆ ನಾವು ಹಾಗೆ ಮಾಡಿದರೆ ಜನ ಕುರ್ಚಿ ಎಸೆದಾರು. ‘ಬಿಪ್’ನಲ್ಲಿ ಕಿಕ್ ಕೊಡದೆ ಶುರುಮಾಡಿದವರು ಇಲ್ಲಿ ತಾಳವನ್ನೇ ಕೊಡದೆ ಮುಗಿಸುತ್ತಾರೆ. ಆದ್ದರಿಂದ ಇದು ಸಿಂಗಲ್‌ಗಳ ಕಂತೆ ಎನ್ನುವ ದೂರನ್ನು ನಾನು ಒಪ್ಪಲಿಲ್ಲ. ಎರಡು ವರ್ಷದ ಅಂತರದಲ್ಲಿ ಹುಟ್ಟಿದ ಹಾಡುಗಳ ನಡುವೆ ಒಂದು ದಾರಿ ಇದೆ, ಜೋಡಿಸಿದ ಕ್ರಮದಲ್ಲೇ ಅದು ಕಾಣುತ್ತದೆ.

ಅಂಕ ಕೊಡಲಿಲ್ಲ. ಪ್ರಕಟವಾದ ಮೇಲೆ ಬಂದ ಮೊದಲ ಪ್ರತಿಕ್ರಿಯೆ, “ಸಾರ್, ಇದನ್ನ ಹಾಡು ಅಂತ ಹೇಗೆ ಕರೀತೀರಿ?” ಎಂಬುದು. ‘ಲೆಮೊನೇಡ್’ನ ಕೊಂಡಿ ಕಳಿಸಿ, ಎರಡೇ ನಿಮಿಷದ್ದು, ಹೆಡ್‌ಫೋನ್ ಹಾಕಿಕೊಂಡು ಕೇಳಿ ಎಂದೆ. ಅವರಿಗೆ ಆಗಲೂ ಹಿಡಿಸಲಿಲ್ಲ. “ಸೋಡಾ ಮಾತ್ರ ಚೆನ್ನಾಗಿದೆ” ಎಂದರು.

2024ರ ಸೆಪ್ಟೆಂಬರ್‌ನಲ್ಲಿ, ಸೋಫಿ ಅರ್ಧಕ್ಕೆ ಬಿಟ್ಟುಹೋಗಿದ್ದನ್ನು ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಬೆನ್ನಿ ಲಾಂಗ್ ಪೂರ್ತಿಮಾಡಿ ‘ಸೋಫಿ’ ಎಂಬ ಆಲ್ಬಮ್ ತಂದರು. ವಿಮರ್ಶೆಗಳು ಮತ್ತೆ ಎರಡು ಬಣ. ಈ ಸಲದ ದೂರು ಉಲ್ಟಾ: ಸದ್ದು ಮೆತ್ತಗಾಯಿತು, ಅಂಚು ಸಾಲದು. ಸೋಫಿ ಇದ್ದಿದ್ದರೆ ಹೀಗೆ ಬಿಡುತ್ತಿದ್ದರೇ ಎಂಬ ಊಹೆಯ ವಾಕ್ಯಗಳೂ ಧಾರಾಳ. ಅದಕ್ಕೂ ಪೆನ್ನು ತೆಗೆದಿದ್ದೇನೆ. ಯಾವ ಸದ್ದು ಯಾರ ಕೈಯದು ಎಂದು ಬಿಡಿಸಿ ಹೇಳಲಾಗದ ಆ ಆಲ್ಬಮ್‌ಗೆ ಗುಂಡಿ ತಿರುಗಿಸಿ ನೋಡುವ ನನ್ನ ವಿಧಾನ ಅರ್ಧದಷ್ಟೇ ನೆರವಾಗುತ್ತಿದೆ.