ಮಗುವಿನ 'ಲೋಟದ ಫೋನ್' ಮಾಡುವುದು ಹೇಗೆ?

ಎರಡು ಕಾಗದದ ಲೋಟ, ಉದ್ದನೆಯ ದಾರ ಮಗುವಿನ ಮುಂದೆ ಇಟ್ಟು ಸುಮ್ನೆ ಕೂತುಕೊಳ್ಳಿ. ಅಪ್ಪ-ಅಮ್ಮಂದಿರಿಗೆ ಇದೇ ಕಷ್ಟದ ಕೆಲಸ, ಅಲ್ವಾ? ತಳಕ್ಕೆ ತೂತು ಮಾತ್ರ ನೀವೇ ಮಾಡಿ. ದಾರ ತೂರಿಸಿ ಒಳಗಡೆ ಗಂಟು ಹಾಕುವುದನ್ನು ಮಗುವಿಗೇ ಬಿಡಿ, ಗಂಟು ವಕ್ರವಾದರೂ ಪರವಾಗಿಲ್ಲ, ಬಿಚ್ಚಿಹೋಗದಿದ್ದರೆ ಸಾಕು. ಈಗ ದೂರ ನಿಂತು ಮಾತಾಡಿ. ಕೇಳಿಸುತ್ತಿಲ್ಲವೇ? ತಕ್ಷಣ ಸರಿಮಾಡಿಕೊಡಬೇಡಿ, "ಎರಡು ಹೆಜ್ಜೆ ಹಿಂದೆ ಹೋಗಿ ನೋಡೋಣ್ವಾ ಪುಟ್ಟಾ?" ಅನ್ನಿ. ಮಾತಿನ ಕಂಪನ ದಾರದಲ್ಲೇ ಹೋಗುವುದರಿಂದ ಅದು ಬಿಗಿಯಾಗಿರಬೇಕು, ಬಾಗಿಲಿಗೋ ಗೋಡೆಗೋ ತಾಗಬಾರದು. ದಾರ ಬಿಗಿಯಾದ ಕೂಡಲೇ ಲೋಟ ಕಿವಿಗೊತ್ತಿಕೊಂಡ ಆ ಮುಖ ನೋಡಬೇಕು! ಆಮೇಲೆ ದಾರವನ್ನು ಬೆರಳಲ್ಲಿ ಹಿಡಿದು ನೋಡಲು ಹೇಳಿ, ದನಿ ಅಲ್ಲೇ ನಿಂತುಬಿಡುತ್ತದೆ. ಕುತ್ತಿಗೆಗೆ ಸುತ್ತಿಕೊಳ್ಳದ ಹಾಗೆ ಪಕ್ಕದಲ್ಲೇ ಇರಿ, ಆಟ ಮುಗಿದ ಮೇಲೆ ದಾರ ಎತ್ತಿಡಿ.