ಅಂಚೇ ಬಿಡದ ಕ್ಯಾನ್ವಾಸನ್ನು ಚೌಕಟ್ಟಿಗೆ ಏರಿಸಿದ್ದು: ನನ್ನ ಅನುಭವ

"ಇಸ್ತ್ರಿ ಮಾಡಿ ಹಚ್ಚಿದ ಪಟ್ಟಿ ಏನ್ ತಡೀತೈತ್ರೀ, ಜಗ್ಗಿದ್ರ ಕಿತ್ತ ಬರ್ತೈತಿ" ಎಂದಿದ್ದರು ಹುಬ್ಬಳ್ಳಿಯ ಫ್ರೇಮಿನವರು, ಚಿತ್ರದ ಹಿಂಬದಿಯ ಅಂಚಿಗೆ ಸುತ್ತಲೂ ಬಟ್ಟೆಪಟ್ಟಿ ಅಂಟಿಸಿ ಆ ಪಟ್ಟಿಯನ್ನೇ ಜಗ್ಗಿ ಚೌಕಟ್ಟಿಗೆ ಬಿಗಿಯುವ ನನ್ನ ಉಪಾಯ ಕೇಳಿ. ಎರಡು ಮಳೆಗಾಲ ದಾಟಿತು, ಒಂದು ಎಳೆಯೂ ಬಿಟ್ಟಿಲ್ಲ.

ಚಿತ್ರ ಮೂರು ಅಡಿ, ನಾಲ್ಕು ಅಡಿ. ತುದಿವರೆಗೂ ಬಣ್ಣ. ಬಟ್ಟೆ ಜಗ್ಗುವ ಇಕ್ಕಳ ಹಿಡಿಯಲು ಅರ್ಧ ಇಂಚೂ ಇಲ್ಲ. ಇಂಥದ್ದನ್ನು ಎಲ್ಲರೂ ಪ್ಲೈವುಡ್‌ಗೆ ಬಿಳಿ ಗೋಂದಿನಿಂದ ಬಡಿಯುತ್ತಾರೆ. ನಾನೂ ಮೊದಲು ಒಂದನ್ನು ಬಡಿದು ಕೆಡಿಸಿದ್ದೇನೆ: ಗೋಂದಿನ ನೀರು ಕುಡಿದ ಬಟ್ಟೆ ಎದ್ದು ಗುಳ್ಳೆ, ಆಷಾಢಕ್ಕೆ ಪ್ಲೈ ಸೊಟ್ಟ, ಬಿಡಿಸಲು ಹೋದರೆ ಬಣ್ಣವೇ ಎದ್ದಿತು. ಸುಮಾರು 1,200 ರೂಪಾಯಿ ನೀರುಪಾಲು. ಡಬಲ್ ಟೇಪ್ ಏಪ್ರಿಲ್ ಬಿಸಿಲಿಗೇ ಜಾರಿತು. ಮೈದಾ ಗೋಂದು ಜಿರಲೆಗೆ ಹಬ್ಬ.

ಫಲಿಸಿದ್ದು ಬೆವಾ 371 ಫಿಲ್ಮ್, ಕಾಯಿಸಿದರೆ ಅಂಟುವ ತೆಳು ಹಾಳೆ. ದುಬಾರಿ, ಆದರೆ ಎರಡು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೆ ಸುತ್ತಲೂ ಸೇರಿ ನಾಲ್ಕೂವರೆ ಮೀಟರ್ ಸಾಕು. ಮತ್ತೆ ಕಾಯಿಸಿದರೆ ಬಿಡುತ್ತದೆ, ಅದೇ ಅದರ ಬೆಲೆ. 65 ಡಿಗ್ರಿಗೆ ಅಂಟುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ ತೀರ ಸಣ್ಣಗಿಟ್ಟರೂ ಅದನ್ನು ಮೀರುತ್ತದೆ. ಕಾಯಿಸಿ, ಸ್ವಿಚ್ ಆರಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಇಳಿಯುವವರೆಗೆ ಕಾಯಬೇಕು. ಅಕ್ರಿಲಿಕ್ ಆದರೆ ಇನ್ನೂ ಹುಷಾರು, ದಪ್ಪ ಬಣ್ಣ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಬಿಸಿ ಆರುವವರೆಗೆ ಮೇಲೆ ತೂಕ ಇರಲೇಬೇಕು. ಆ ತೂಕದ ಚೀಲದಲ್ಲಿ ಏನು ತುಂಬುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ಬಟ್ಟೆಪಟ್ಟಿ ಮೂರು ಇಂಚು ಅಗಲ. ತೊಳೆಯದ ಬಟ್ಟೆ ಬೇಡ, ಮುಂದೆ ಕುಗ್ಗುತ್ತದೆ. ಚಿತ್ರಕ್ಕೆ ತಾಗುವ ಬದಿಯಲ್ಲಿ ಅರ್ಧ ಸೆಂಟಿಮೀಟರ್ ಉದ್ದೆಳೆಗಳನ್ನು ಕಿತ್ತು ಕುಚ್ಚು ಬಿಡಬೇಕು. ನೇರ ಕತ್ತರಿಸಿದ ಅಂಚು ಆರು ತಿಂಗಳಲ್ಲಿ ಮುಂದಿನಿಂದ ಗೆರೆಯಾಗಿ ಕಾಣುತ್ತದೆ. ಹುಬ್ಬಳ್ಳಿಯ ಬೆಂಗೇರಿ ಖಾದಿಯಲ್ಲೂ ಮಾಡಿ ನೋಡಿದೆ. ಹಿಡಿತ ಚೆನ್ನ, ಆದರೆ ಕೈನೂಲಿನ ಎಳೆ ಒಂದು ದಪ್ಪ ಒಂದು ಸಣ್ಣ, ಜಗ್ಗು ಒಂದೇ ಸಮ ಬರಲಿಲ್ಲ. ಸಣ್ಣ ಚಿತ್ರಕ್ಕೆ ನಡೆಯುತ್ತದೆ.

ಮೂಲೆಯಲ್ಲಿ ಪಟ್ಟಿ ಒಂದರ ಮೇಲೊಂದು ಬರಬಾರದು, ಓರೆಯಾಗಿ ಕತ್ತರಿಸಿ.

ಚೌಕಟ್ಟಿಗೆ ಅಳ್ನಾವರ ಕಡೆಯ ಹಳೇ ಸಾಗುವಾನಿ, ಎರಡು ಇಂಚು ಅಗಲ, ಒಂದು ಇಂಚು ದಪ್ಪ, ಬಟ್ಟೆಗೆ ಮರ ತಾಗದಂತೆ ಒಳಗೆ ಇಳಿಜಾರು, ನಡುವೆ ಒಂದು ಅಡ್ಡಪಟ್ಟಿ. ಚಿತ್ರಕ್ಕಿಂತ ಸುತ್ತಲೂ ಎರಡು ಮಿಲಿಮೀಟರ್ ದೊಡ್ಡದಿರಲಿ. ಚಿಕ್ಕದಾದರೆ ಬಣ್ಣ ಮಡಿಕೆಗೆ ಸಿಕ್ಕು ಬಿರಿಯುತ್ತದೆ. ಬಡಿಗರ ಪಕ್ಕದಲ್ಲೇ ನಿಂತಿರಿ, ಇಲ್ಲದಿದ್ದರೆ ರೂಢಿಯಂತೆ ಮೂಲೆಗೆ ಗೋಂದು ಸುರಿದೇಬಿಡುತ್ತಾರೆ. ಆಮೇಲೆ ಮೂಲೆಯ ಸಂದಿಗೆ ಬೆಣೆ, ಅಂದರೆ ಮರದ ಸಣ್ಣ ಚೂಪು ತುಂಡು, ಬಡಿದರೂ ಚೌಕಟ್ಟು ಹಿಗ್ಗುವುದಿಲ್ಲ. ನನ್ನ ಮೊದಲ ಚೌಕಟ್ಟು ಹಾಗೇ ಹೋಯಿತು, 900 ರೂಪಾಯಿ ಇರಬೇಕು.

ಸ್ಟೇಪಲ್ ಎಂಟು ಮಿಲಿಮೀಟರ್, ನಾಲ್ಕೂ ಬದಿಯ ನಡುವಿನಿಂದ ಶುರು, ಎದುರುಬದುರು, ಎರಡಿಂಚಿಗೊಂದು, ಮೂಲೆ ಕೊನೆಗೆ. ತಮಟೆಯಂತೆ ಬಿಗಿಯಬೇಡಿ. ಒಂದು ದಿನ ಬಿಟ್ಟು ಸಡಿಲ ಕಂಡರೆ ಬೆಣೆಗೆ ಎರಡು ಏಟು. ಮೇ ತಿಂಗಳಲ್ಲಿ ಬಿಗಿದದ್ದು ಜುಲೈಗೆ ಜೋತಿತ್ತು, ಬೆಣೆಯಿಂದಲೇ ಸರಿಹೋಯಿತು.

ಪಶ್ಚಿಮದ ಗೋಡೆಗೆ ಮಾತ್ರ ಬೇಡ, ಧಾರವಾಡದ ಜಿಟಿಜಿಟಿ ಮಳೆ ಬಡಿಯುವುದೇ ಅಲ್ಲಿ. ಬೇರೆ ಗೋಡೆಯಾದರೂ ಹಿಂದೆ ಒಂದು ಸೆಂಟಿಮೀಟರಿನ ಬಿರಡೆ (ಕಾರ್ಕ್) ತುಂಡು ಅಂಟಿಸಿ ಗಾಳಿ ಬಿಟ್ಟಿದ್ದೇನೆ. ಎಲ್ಲ ಸೇರಿ ಎರಡೂವರೆ ಸಾವಿರದ ಆಸುಪಾಸು, ಕೆಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯದೆ.