ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು

ಬಿಪಿ ಇದೆ ಅಂತ ಗೊತ್ತಾದವರಿಗೆ ಎಲ್ಲರೂ ಹೇಳುವ ಮಾತು "ಉಪ್ಪು ಕಡಿಮೆ ಮಾಡಿ". ನನಗೆ 152/96 ಬಂದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದನ್ನೂ ಹೇಳಿ ಕಳಿಸಿದರು. ಕಡಿಮೆ ಅಂದರೆ ಎಷ್ಟರಿಂದ ಎಷ್ಟಕ್ಕೆ? ನಮ್ಮ ಮನೆಯಲ್ಲಿ ಉಪ್ಪನ್ನು ಯಾರೂ ಅಳೆದವರಲ್ಲ. ಕೈ ಅಂದಾಜು, ಅಷ್ಟೇ.

ಹಾಗಾಗಿ ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚುಕಡಿಮೆ ಒಂದು ಟೀ ಚಮಚ. ನಾವು ನಾಲ್ಕು ಜನ, ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ನಮ್ಮದು ತಿಂಗಳೂ ಬರಲಿಲ್ಲ! ಬೇಕರಿ ಬ್ರೆಡ್ಡು, ಖಾರ, ಅಂಗಡಿ ಉಪ್ಪಿನಕಾಯಿ ಈ ಲೆಕ್ಕಕ್ಕೇ ಸೇರಿಲ್ಲ.

ಎಲ್ಲಿ ಹೋಗುತ್ತಿದೆ ಅಂತ ನೋಡುತ್ತಾ ಬಂದೆ. ಸಾಮಾನ್ಯವಾಗಿ ಎಲ್ಲರೂ ಸಾರಿನ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಮೊಸರನ್ನ ನೋಡಿ. ಅನ್ನ ಬೇಯುವಾಗಲೇ ಒಂದಿಷ್ಟು ಉಪ್ಪು ಬಿದ್ದಿರುತ್ತದೆ. ಮೊಸರು ಕಲಸುವಾಗ ಮತ್ತೊಂದಿಷ್ಟು. ನೆಂಚಿಕೊಳ್ಳಲು ಉಪ್ಪಿನಕಾಯಿ, ಪಕ್ಕದಲ್ಲಿ ಕರಿದ ಬಾಳಕದ ಮೆಣಸಿನಕಾಯಿ. ಒಂದೇ ತುತ್ತಿಗೆ ನಾಲ್ಕು ಕಡೆಯಿಂದ ಉಪ್ಪು. ಅದರ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಬೇರೆ.

ಅದಕ್ಕೇ ಮೊದಮೊದಲು ಸಾರನ್ನು ಮುಟ್ಟಲೇ ಇಲ್ಲ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಸುಮ್ನೆ ನಿಲ್ಲಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಮಜ್ಜಿಗೆಗೆ ಶುಂಠಿ, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದೆ, ಉಪ್ಪಿಲ್ಲ. ಮೊಸರನ್ನಕ್ಕೆ ಉಪ್ಪಿನಕಾಯಿ ಬೇಕೆಂದರೆ ಕಲಸುವಾಗ ಉಪ್ಪು ಬೇಡ. ಊಟದ ಟೇಬಲ್ಲಿನಿಂದ ಉಪ್ಪಿನ ಡಬ್ಬಿ ಅಡುಗೆಮನೆಗೆ ಹೋಯಿತು. ಎದ್ದು ಹೋಗಿ ತರಬೇಕು ಅಂದರೆ ಅರ್ಧ ಜನ ತರುವುದಿಲ್ಲ.

ಆಮೇಲೆ ಸಾರಿಗೆ ಕೈಹಾಕಿದೆ, ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ. ಒಂದಿನ ಅತ್ತೆ ಕೇಳಿಯೇಬಿಟ್ಟರು, "ಏನಮ್ಮ, ಉಪ್ಪು ಹಾಕೋದು ಮರ್ತ್ಯಾ?" ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ ಬಡಿಸಿದರೆ ಆ ಪ್ರಶ್ನೆ ಬರುವುದಿಲ್ಲ ಅಂತ ಕಂಡುಕೊಂಡೆ. ಹುಳಿ ಸ್ವಲ್ಪ ಮುಂದಿದ್ದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಹುಡುಕುವುದಿಲ್ಲ. ಕೆಲವು ವಾರಗಳಲ್ಲಿ ಅಭ್ಯಾಸವೂ ಆಗುತ್ತದೆ. ಈಗ ಹೋಟೆಲ್ ಸಾಂಬಾರ್ ನನಗೆ ಬರೀ ಉಪ್ಪು ಅನ್ನಿಸುತ್ತದೆ. ಮುದ್ದೆ ಮಾಡುವ ದಿನವಂತೂ ನಿರಾಳ. ಮುದ್ದೆಗೆ ಉಪ್ಪೇ ಬೇಡ, ಬಸ್ಸಾರಿನ ಜೊತೆ ಸೊಪ್ಪು, ಕಾಳು ಎರಡೂ ಹೊಟ್ಟೆಗೆ ಹೋಗುತ್ತವೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿದ ಡ್ಯಾಶ್ ಎಂಬ ಊಟದ ಕ್ರಮದಲ್ಲೂ ತರಕಾರಿ, ಹಣ್ಣು, ಕಾಳು, ಕೊಬ್ಬು ಕಡಿಮೆಯಿರುವ ಹಾಲು ಮೊಸರಿಗೇ ಒತ್ತು.

ಸೈಂಧವ ಉಪ್ಪು ತಿಂದರೆ ಬಿಪಿ ಏರಲ್ಲ ಅಂತ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅಂದರೆ ಮಾಮೂಲಿ ಉಪ್ಪೇ, ದುಡ್ಡು ಮಾತ್ರ ಜಾಸ್ತಿ. ಸೋಡಿಯಂ ಕಡಿಮೆ ಇರುವ ಉಪ್ಪು ಬೇರೆ, ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟಾನ್ ತರಹದ ಬಿಪಿ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಅಪಾಯ ಇದೆ. ನನ್ನದು ಅದೇ ಮಾತ್ರೆ, ಹಾಗಾಗಿ ನಾನು ಅದರ ತಂಟೆಗೆ ಹೋಗಲಿಲ್ಲ. ಎಳನೀರಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದಕ್ಕೇ ಅದನ್ನು ದಿನಾ ಕುಡಿಯಬಹುದಾ ಅಂತಲೂ ಡಾಕ್ಟರನ್ನು ಕೇಳಿಕೊಂಡೆ.

ನಡಿಗೆ ಬಗ್ಗೆ ಹೇಳುವುದು ಕಡಿಮೆ. ಸಂಜೆ ಅರ್ಧ ಗಂಟೆ, ವಾರದಲ್ಲಿ ಐದು ದಿನವಾದರೂ, ಮಾತಾಡಬಹುದು ಆದರೆ ಹಾಡೋಕಾಗಲ್ಲ ಅನ್ನುವಷ್ಟು ಬಿರುಸಾಗಿ.

ಬಿಪಿ ನೋಡಿಕೊಳ್ಳುವುದರಲ್ಲಿ ಮಾತ್ರ ಶಿಸ್ತು ಬೇಕು. ಮೆಟ್ಟಿಲು ಹತ್ತಿ ಬಂದ ತಕ್ಷಣ, ಕಾಫಿ ಕುಡಿದ ಕೂಡಲೇ ನೋಡಿದರೆ ಜಾಸ್ತಿ ತೋರಿಸದೆ ಇನ್ನೇನು ಮಾಡುತ್ತದೆ, ಅಲ್ವಾ? ಬೆಳಗ್ಗೆ ಮಾತ್ರೆಗೆ ಮುಂಚೆ, ಬಾತ್‌ರೂಮಿಗೆ ಹೋಗಿ ಬಂದು, ಕುರ್ಚಿಗೆ ಒರಗಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಎರಡನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆಯುತ್ತೇನೆ. ಒಂದು ದಿನದ ಅಂಕಿಗೆ ಹೆದರುವುದಿಲ್ಲ, ವಾರದ್ದನ್ನು ಒಟ್ಟಿಗೆ ನೋಡುತ್ತೇನೆ. ಮದುವೆ ಊಟದ ಮಾರನೇ ದಿನ ಏರುವುದು ಅಲ್ಲೇ ಕಾಣುತ್ತದೆ.

ಮುಂದಿನ ಸಲ ಹೋದಾಗ ಡಾಕ್ಟರು ಆ ಹಾಳೆಗಳನ್ನು ತಿರುವಿ ನೋಡಿದರು. ಮೇಲಿನ ಅಂಕಿ ಹೆಚ್ಚಿನ ದಿನ 130ರ ಆಸುಪಾಸು. ಎರಡನೇ ಮಾತ್ರೆ ಸೇರಿಸಬೇಕು ಅಂದಿದ್ದವರು ಬೇಡ ಅಂದರು. ಮೊದಲನೆಯದು ಮುಂದುವರಿದಿದೆ. ಮಂಡಿನೋವಿಗೆ ಅಂಗಡಿಯಿಂದ ನಾನೇ ತರುತ್ತಿದ್ದ ನೋವಿನ ಮಾತ್ರೆ ಮಾತ್ರ ನಿಲ್ಲಿಸಿದರು. ಅಂಥವೂ ಬಿಪಿ ಏರಿಸುತ್ತವಂತೆ.